ಬ್ಯಾಗ್ ಕೊನೇಗೆ, ಪೇಪರ್ ಮೊದ್ಲು: ಹಾರನಹಳ್ಳಿಯಿಂದ ಕೆಮ್ನಿಟ್ಸ್‌ಗೆ ಹೊರಟ ನನ್ನ ಅನುಭವ

ನಮ್ ಕಡೆ ಹುಡುಗ್ರು ಫೋನ್ ಮಾಡಿದ್ರೆ ಮೊದ್ಲು ಕೇಳೋದೇ "ಅಕ್ಕಾ, ಕುಕ್ಕರ್ ತಗೊಂಡ್ ಬರ್ಬೇಕಾ, ಜಾಕೆಟ್ ಎಲ್ ತಗೊಳ್ಳೋದು" ಅಂತ. ಬ್ಯಾಗ್ ತುಂಬೋದು ಕೊನೇ ವಾರದ ಕೆಲ್ಸ ಕಣ್ರಪ್ಪಾ. ನಾನು 2024ರ ಸೆಪ್ಟೆಂಬರಲ್ಲಿ ಮಾಸ್ಟರ್ಸ್ ಮಾಡೋಕೆ ಜರ್ಮನಿಯ ಕೆಮ್ನಿಟ್ಸ್‌ಗೆ ಬಂದಿದ್ದು, ಅದಕ್ಕೂ ಹಿಂದಿನ ಒಂದು ವರ್ಷ ಪೂರ್ತಿ ಓಡಾಡಿದ್ದು ಬರೀ ಪೇಪರ್‌ಗೆ, ಅದ್ರಲ್ಲೂ ಮುಖ್ಯವಾಗಿ ಎರಡು ವಿಷ್ಯಕ್ಕೆ, ಒಂದು ನನ್ನ ಹೆಸ್ರು, ಇನ್ನೊಂದು ಅಪ್ಪನ ಜಮೀನು.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ನನ್ನ ಹೆಸ್ರಾದ್ಮೇಲೆ ಎಚ್ ಎನ್ ಅಂತ ಇದೆ. ಎಚ್ ಅಂದ್ರೆ ಹಾರನಹಳ್ಳಿ, ಅರಸೀಕೆರೆ ಹತ್ರ ನಮ್ಮೂರು, ಎನ್ ಅಂದ್ರೆ ಅಪ್ಪ. ಪಾಸ್‌ಪೋರ್ಟ್ ಮಾಡಿಸ್ದಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟಿದ್ವಿ, ನಮ್ಗೆಲ್ಲಿದೆ ಸರ್‌ನೇಮು. ಅಪ್ಲಿಕೇಶನ್ ಹಾಕೋಕೆ ಕೂತ್ರೆ ಸರ್‌ನೇಮ್ ತುಂಬದೆ ಮುಂದಿನ ಪೇಜಿಗೇ ಹೋಗಲ್ಲ ಅಂತದೆ. ಒಂದ್ಕಡೆ ಡ್ಯಾಶ್ ಹಾಕ್ದೆ, ಇನ್ನೊಂದ್ ಕಡೆ ಹೆಸ್ರನ್ನೇ ಎರಡು ಸಲ ಹಾಕ್ದೆ, ಹಿಂಗೇ ಮಾಡ್ತಾ ಹೋದ್ರೆ ನಾಳೆ ಮೂರು ಜನ ಆಗಿಬಿಡ್ತೀನಿ ಅನ್ನಿಸ್ತು. ಕೊನೇಗೆ ಪಾಸ್‌ಪೋರ್ಟ್ ರೀ-ಇಶ್ಯೂಗೆ ಹಾಕಿ (1,500 ರೂಪಾಯಿ ಫೀಸು, ಮತ್ತೆ ಪೊಲೀಸ್ ವೆರಿಫಿಕೇಶನ್ನು) ಊರಿನ ಹೆಸ್ರನ್ನೇ ಸರ್‌ನೇಮ್ ಮಾಡಿಸ್ಕೊಂಡೆ, ಮಾರ್ಕ್ಸ್ ಕಾರ್ಡಲ್ಲಿರೋಳೂ ಪಾಸ್‌ಪೋರ್ಟಲ್ಲಿರೋಳೂ ಒಬ್ಳೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸ್ದೆ. ನಿಮ್ದೂ ಇನಿಶಿಯಲ್ ಹೆಸ್ರಾಗಿದ್ರೆ ಯೂನಿವರ್ಸಿಟಿ ಹುಡ್ಕೋಕ್ ಮುಂಚೆ ಇದನ್ನ ಮುಗ್ಸಿ. ಯಾಕಂದ್ರೆ ಆಮೇಲೆ ಎಪಿಎಸ್ ಸರ್ಟಿಫಿಕೇಟ್ ಬೇರೆ ಇದೆ, ನಮ್ಮ ಡಿಗ್ರಿ ಅಸಲಿನಾ ಅಂತ ಡೆಲ್ಲಿಲಿ ನೋಡಿ ಕೊಡೋದು, 2022ರ ನವೆಂಬರಿಂದ ಇಂಡಿಯಾದ ಸ್ಟೂಡೆಂಟ್ಸ್‌ಗೆ ವೀಸಾಗೆ ಅದು ಬೇಕೇ ಬೇಕು, 18,000 ಕಟ್ಬೇಕು, ಹೆಸ್ರು ಹೊಂದದೆ ಇದ್ರೆ ಅಲ್ಲೂ ಪ್ರಶ್ನೆ ಬರುತ್ತೆ.

ಇನ್ನು ದುಡ್ಡು. ಕೆಮ್ನಿಟ್ಸ್‌ನಲ್ಲಿ ನಮ್ ಕೋರ್ಸಿಗೆ ಟ್ಯೂಶನ್ ಫೀಸಿಲ್ಲ, ಸೆಮಿಸ್ಟರ್ ಶುಲ್ಕ ಅಷ್ಟೇ. ಹಂಗಂತ ಫ್ರೀ ಅಂದ್ಕೋಬೇಡಿ, ಒಂದು ವರ್ಷದ ಖರ್ಚನ್ನ ಬ್ಲಾಕ್ಡ್ ಅಕೌಂಟಲ್ಲಿ (ತಿಂಗ್ಳಿಗಿಷ್ಟೇ ಅಂತ ದುಡ್ಡು ಬಿಡೋ ಅಕೌಂಟು) ಮೊದ್ಲೇ ಇಟ್ಟು ವೀಸಾಗೆ ತೋರಿಸ್ಬೇಕು. ನಾನು ಹಾಕಿದಾಗ 11,208 ಯೂರೋ, ಹತ್ತು ಲಕ್ಷದ ಮೇಲಾಯ್ತು. ಆ ಸೆಪ್ಟೆಂಬರ್ 1ರಿಂದ ಅದೇ 11,904 ಆಯ್ತು, ವೀಸಾಗೆ ಲೇಟಾಗಿ ಹಾಕಿದ ನನ್ನ ಫ್ರೆಂಡ್ ಒಬ್ಳು ಮತ್ತೆ ದುಡ್ಡು ಹೊಂದಿಸ್ಬೇಕಾಯ್ತು.

ಲೋನ್‌ಗೆ ಬ್ಯಾಂಕಿಗೆ ಹೋದ್ವಿ. ಅಪ್ಪ ಮೂರೆಕರೆ ತೆಂಗಿನ ತೋಟದ ಪಹಣಿ ಹಿಡ್ಕೊಂಡು, ಒಗೆದಿಟ್ಟ ಬಿಳಿ ಶರ್ಟ್ ಹಾಕ್ಕೊಂಡು ಬಂದಿದ್ರು. ಮ್ಯಾನೇಜರ್ ಪಹಣಿ ನೋಡಿ, "ಸ್ವಾಮಿ, ವ್ಯವಸಾಯದ ಜಮೀನು ಇದಕ್ಕೆ ನಡೆಯಲ್ಲ" ಅಂದ್ರು, ಅಷ್ಟೇ. ಏಳೂವರೆ ಲಕ್ಷದ ಮೇಲೆ ಬೇಕಂದ್ರೆ ಸೈಟೋ ಮನೆಯೋ ಅಡ ಇಡ್ಬೇಕು. ಅಪ್ಪ ಪಹಣಿನ ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಕೊಂಡ್ರು, ಬಸ್‌ಸ್ಟ್ಯಾಂಡ್ ತನಕ ಮಾತಾಡ್ಲಿಲ್ಲ. ಕೊನೇಗೆ ಚಿಕ್ಕಪ್ಪ ಅರಸೀಕೆರೆಲಿರೋ ಸೈಟು ಕೊಟ್ರು. ಅದಕ್ಕೆ ಇ-ಖಾತೆ, ಅಂದ್ರೆ ಆನ್‌ಲೈನ್ ಆಸ್ತಿ ದಾಖಲೆ, ಆಗಿರ್ಲಿಲ್ಲ. ನಗರಸಭೆಗೆ ಅಲೆದಿದ್ದು, ಮೂವತ್ತು ವರ್ಷದ ಇ.ಸಿ (ಆಸ್ತಿ ಮೇಲೆ ಸಾಲ-ಋಣ ಇದ್ಯಾ ಅಂತ ತೋರ್ಸೋ ಪತ್ರ) ತೆಗೆಸಿದ್ದು, ಬ್ಯಾಂಕಿನ ಲಾಯರ್ರು ಮೂಲಪತ್ರ ಕೇಳಿದ್ದು, ವಂಶವೃಕ್ಷ ಕೇಳಿದ್ದು, ನಾಲ್ಕು ತಿಂಗ್ಳು ಹೋಯ್ತು. ನನ್ ಪ್ರಕಾರ ಜರ್ಮನ್ ವೀಸಾಗಿಂತ ಇ-ಖಾತೆ ಕಷ್ಟ.

ರೂಮಿನ ವಿಷ್ಯ ಒಂದೇ ಮಾತು. "ನಾನು ಬೇರೆ ದೇಶದಲ್ಲಿದೀನಿ, ಡೆಪಾಸಿಟ್ ಕಳ್ಸಿ, ಕೀ ಪೋಸ್ಟಲ್ಲಿ ಬರುತ್ತೆ" ಅನ್ನೋ ಓನರ್‌ಗೆ ಒಂದ್ ರೂಪಾಯಿನೂ ಕಳಿಸ್ಬೇಡಿ. ಸ್ಟೂಡೆಂಟ್ ಹಾಸ್ಟೆಲ್‌ಗೆ ಅಡ್ಮಿಶನ್ ಲೆಟರ್ ಬಂದ ದಿನವೇ ಹಾಕ್ಬಿಡಿ. ಮತ್ತೆ ಬ್ಲಾಕ್ಡ್ ಅಕೌಂಟಿನ ದುಡ್ಡು ಬಂದ್ ತಕ್ಷಣ ಕೈಗೆ ಸಿಗಲ್ಲ, ಇಲ್ಲಿ ಬ್ಯಾಂಕ್ ಅಕೌಂಟ್ ಆದ್ಮೇಲೇ ತಿಂಗ್ಳು ತಿಂಗ್ಳು ಬರೋದು (ನಂಗೆ 934 ಯೂರೋ), ಅಷ್ಟರಲ್ಲಿ ಬಾಡಿಗೆ, ಡೆಪಾಸಿಟ್ಟು ಎಲ್ಲಾ ಕೇಳ್ತಾರೆ. ಮೊದಲ್ನೇ ತಿಂಗ್ಳ ಖರ್ಚು ಫಾರೆಕ್ಸ್ ಕಾರ್ಡಲ್ಲಿ (ವಿದೇಶಿ ದುಡ್ಡು ತುಂಬ್ಕೊಳ್ಳೋ ಕಾರ್ಡು) ಬೇರೆ ಇಟ್ಕೊಂಡಿರಿ.

ಸರಿ, ಬ್ಯಾಗು. ತುಪ್ಪ ತರಂಗಿಲ್ಲ, ಹಾಲಿಂದ ಮಾಡಿದ್ದು, ಮಾಂಸದ್ದು ಯಾವ್ದನ್ನೂ ನಮ್ ದೇಶದಿಂದ ಯುರೋಪಿಯನ್ ಯೂನಿಯನ್ ಒಳಗೆ ತರೋ ಹಂಗಿಲ್ಲ. ಹಸಿ ಕರಿಬೇವೂ ಇಲ್ಲ. ಸಾರಿನ ಪುಡಿ, ಚಟ್ನಿಪುಡಿ, ಹುರಿದ ರವೆ ತಂದೆ, ಏನೂ ಅನ್ಲಿಲ್ಲ. ಮಿಕ್ಸಿ ಇಲ್ಲಿನ ಕರೆಂಟಿಗೆ ಓಡುತ್ತೆ, ಪ್ಲಗ್ ಅಷ್ಟೇ ಬೇರೆ. ಕನ್ನಡಕ ಎರಡು ಜೊತೆ ಮಾಡಿಸ್ಕೊಳ್ಳಿ, ಹಲ್ಲು ತೋರಿಸ್ಕೊಂಡ್ ಬನ್ನಿ. ಜಾಕೆಟ್ ಇಲ್ಲೇ ತಗೊಳ್ಳಿ, ನಾನು ಬೆಂಗ್ಳೂರಲ್ಲಿ ತಗೊಂಡಿದ್ದು ನವೆಂಬರ್‌ಗೇ ಸಾಕಾಗ್ಲಿಲ್ಲ.

ಏರ್‌ಪೋರ್ಟಲ್ಲಿ ಆಗಿದ್ದು ಹೇಳ್ಲೇಬೇಕು. ಚೆಕ್-ಇನ್ ಮಾಡಿದ ಬ್ಯಾಗ್ ಒಂದನ್ನ ತೆಗೀಬೇಕು ಅಂತ ಕರೆದ್ರು. ನಾನು ಸಾರಿನ ಪುಡಿ ಅಂದ್ಕೊಂಡೆ. ನೋಡಿದ್ರೆ ಅಮ್ಮ ನಂಗೆ ಗೊತ್ತಿಲ್ದಂಗೆ ಸ್ವೆಟರ್ ತೋಳಿನೊಳಗೆ ಸಾಲಾಗಿ ಆರು ಕೊಬ್ಬರಿ ಗಿಟುಕು ತುರುಕಿದಾಳೆ. ಕೊಬ್ಬರಿಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಹತ್ಕೋಬಹುದು ಅಂತ ವಿಮಾನದಲ್ಲಿ ಬಿಡಲ್ವಂತೆ. ತಿಪಟೂರು ಸಂತೆಗೆ ಮೂಟೆಗಟ್ಲೆ ಹಾಕೋರು ನಾವು, ಇದು ಬೆಂಕಿ ವಸ್ತು ಅಂತ ಅವತ್ತೇ ಗೊತ್ತಾಗಿದ್ದು. ತಮ್ಮ ಇನ್ನೂ ಹೊರಗೇ ನಿಂತಿದ್ದ, ಆದ್ರೆ ನಾನ್ ವಾಪಸ್ ಹೋಗೋಕಾಗ್ಲಿಲ್ಲ, ಆರೂ ಅಲ್ಲೇ ಡಬ್ಬಕ್ಕೆ ಹೋಯ್ತು. ಅಮ್ಮಂಗೆ ಹೇಳಿಲ್ಲ. "ಕೊಬ್ಬರಿ ಇನ್ನೂ ಇದ್ಯಾ" ಅಂತ ಫೋನಲ್ಲಿ ಕೇಳ್ತಾಳೆ, ಇದೆ ಅಂತೀನಿ.

ಬಂದ್ಮೇಲೆ ಎರಡು ವಾರದೊಳಗೆ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಮನೆ ಓನರ್ ಸೈನ್ ಮಾಡಿದ ಪೇಪರ್ ಬೇಕು. ಮಾಡಿಸ್ದೆ. ಬ್ಯಾಂಕ್ ಅಕೌಂಟೂ ಆಯ್ತು, ಕಾರ್ಡ್ ಮಾತ್ರ ಬರ್ಲೇ ಇಲ್ಲ. ಹತ್ತು ದಿನ ಕಾದು ವಿಚಾರಿಸಿದ್ರೆ ವಾಪಸ್ ಹೋಗಿದ್ಯಂತೆ, ಯಾಕಂದ್ರೆ ಇಲ್ಲಿ ಲೆಟರ್ ಬಾಕ್ಸ್ ಮೇಲೆ ಹೆಸ್ರಿಲ್ಲ ಅಂದ್ರೆ ಪೋಸ್ಟ್‌ಮ್ಯಾನ್ ಹಾಕಲ್ಲ, ರೂಮ್ ನಂಬರ್ ಎಲ್ಲಾ ಲೆಕ್ಕಕ್ಕಿಲ್ಲ, ಸರ್‌ನೇಮ್ ಬೇಕು. ಪೇಪರ್ ಹರಿದು ಸ್ಕೆಚ್ ಪೆನ್ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹಾರನಹಳ್ಳಿ ಅಂತ ದಪ್ಪಗೆ ಬರ್ದು ಅಂಟಿಸ್ದೆ, ಫೋಟೋ ತೆಗ್ದು ಮನೆ ಗ್ರೂಪಿಗೆ ಹಾಕ್ದೆ. ಅಪ್ಪ ವಾಯ್ಸ್ ಮೆಸೇಜ್ ಕಳ್ಸಿದ್ರು, "ಬಸ್ ನಿಲ್ಸೋ ಬೋರ್ಡ್ ಇದ್ದಂಗಿದೆ ಕಣೇ."