ಅಂಗಡಿಲಿ ಮುಖ ನೋಡಿ ಅನುಮಾನ ಪಟ್ರೆ ಏನ್ ಮಾಡೋದು: ಮೈಸೂರಿಗೆ ಹೊಸದಾಗಿ ಬಂದಿರೋ ಮನೆಯೋರಿಗೆ

ನಮ್ಮ ಸಂಘದ ಮಾರ್ಗದರ್ಶಿಲಿ ಗ್ಯಾಸ್ ಕನೆಕ್ಷನ್, ಸ್ಕೂಲ್ ಅಡ್ಮಿಷನ್, ಬಾಡಿಗೆ ಅಗ್ರಿಮೆಂಟ್ ಎಲ್ಲಾ ಇದೆ, ಇದೊಂದು ವಿಷಯ ಇರ್ಲಿಲ್ಲ, ಯಾಕಂದ್ರೆ ಮೈಸೂರಲ್ಲಿ ಅಂಥದ್ದೆಲ್ಲಾ ನಡಿಯಲ್ಲ ಅಂತ ಹೇಳ್ಕೊಳೋದು ನಮ್ಮೋರಿಗೊಂದು ಅಭ್ಯಾಸ. ನಡಿಯುತ್ತೆ ಕಣ್ರೀ. ಯಲ್ಲಾಪುರ ಹಳಿಯಾಳದ ಕಡೆಯಿಂದ ಬಂದಿರೋ, ಆಫ್ರಿಕಾ ಮೂಲದ ನಮ್ಮ ಕನ್ನಡದೋರೇ ಆದ ಸಿದ್ದಿ ಮನೆಯೋರನ್ನ ಕೇಳಿ, ಬೈಲಕುಪ್ಪೆಯಿಂದ ಬಂದು ಇಲ್ಲೇ ಮನೆ ಮಾಡ್ಕೊಂಡಿರೋ ಟಿಬೆಟನ್ನರನ್ನ ಕೇಳಿ, ಹೆಬ್ಬಾಳ ಹೂಟಗಳ್ಳಿ ಕಡೆ ಕೆಲಸಕ್ಕಿರೋ ಅಸ್ಸಾಂ ಮಣಿಪುರದೋರನ್ನ ಕೇಳಿ, ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿಲಿ ಓದ್ತಿರೋ ಆಫ್ರಿಕಾದ ಹುಡುಗ್ರನ್ನ ಕೇಳಿ. ಒಳಗೆ ಕಾಲಿಟ್ಟ ತಕ್ಷಣ ಒಬ್ಬ ಹುಡುಗ ಹಿಂದೆ ಹಿಂದೆನೇ ಬರ್ತಾನೆ, ನೀವು ಮುಟ್ಟಿದ ಬಟ್ಟೆನ ನಿಮ್ಮ ಕಣ್ಣೆದುರಿಗೇ ಮತ್ತೆ ಮಡಚಿಡ್ತಾನೆ, ರೇಟ್ ಕೇಳಿದ್ರೆ 'ಅದು ಕಾಸ್ಟ್ಲಿ' ಅಂತಾನೆ, ಹೊರಗೆ ಹೋಗುವಾಗ ಬೇರೆಯೋರ ಬಿಲ್ಲಿಗೆ ಒಂದು ಗೀಟು ಹಾಕಿ ಕಳ್ಸಿದ ಸೆಕ್ಯುರಿಟಿ ನಿಮ್ಮ ಕವರ್ ಮಾತ್ರ ಟೇಬಲ್ ಮೇಲೆ ಸುರೀತಾನೆ. ಸಿದ್ದಿಗಳಲ್ಲಿ ಶಾಂತಾರಾಮ ಸಿದ್ದಿಯವ್ರು 2020ರಲ್ಲೇ ವಿಧಾನ ಪರಿಷತ್ತಿನ ಮೆಂಬರ್ ಆದ್ರು, ಇಲ್ಲಿ ಕೌಂಟರ್‌ನಲ್ಲಿ ಇನ್ನೂ ಅವ್ರ ಜನನ ನೋಡಿ 'ವಿಚ್ ಕಂಟ್ರಿ' ಅಂತ ಕೇಳ್ತಾರೆ, ಅಚ್ಚ ಕನ್ನಡದಲ್ಲಿ ಉತ್ತರ ಬಂದ್ರೆ ಬೆಪ್ಪಾಗಿ ನಿಲ್ತಾರೆ.

ಮೊದಲು ಒಂದು ಕೆಲಸ ಮಾಡಿ. ಮೈ ಉರಿದ್ರೂ ಸರಿ, ಗೇಟ್ ಹತ್ರ ಎರಡು ನಿಮಿಷ ಪಕ್ಕಕ್ಕೆ ನಿಂತು ಬೇರೆಯೋರನ್ನ ಹೆಂಗೆ ಬಿಡ್ತಾರೆ ನೋಡಿ. ಎಲ್ಲರ ಕವರ್ ಬಿಚ್ಚಿಸ್ತಿದ್ರೆ ಅದು ಆ ಅಂಗಡಿ ರೂಲು, ಸುಮ್ನೆ ತೋರ್ಸಿ ಬನ್ನಿ. ಗೇಟಲ್ಲಿ ಬೀಪ್ ಅಂದ್ರೂ ಗಾಬರಿ ಬೇಡ, ಕ್ಯಾಷಿಯರ್ ಟ್ಯಾಗ್ ತೆಗಿಯೋದು ಮರ್ತಿದ್ರೆ ಅದು ಯಾರಿಗಾದ್ರೂ ಕೂಗುತ್ತೆ. ನಿಮ್ಮೊಬ್ರನ್ನೇ ಹಿಡ್ದು ನಿಲ್ಸಿದ್ರು ಅಂತ ಗೊತ್ತಾದ್ರೆ ಸೆಕ್ಯುರಿಟಿ ಜೊತೆ ವಾದಕ್ಕೆ ಇಳೀಬೇಡಿ, ಮ್ಯಾನೇಜರ್‌ನ ಕರ್ಸಿ ಒಂದೇ ಪ್ರಶ್ನೆ ಕೇಳಿ: 'ನನ್ನ ಮುಂದೆ ಹೋದೋರದ್ದು ಯಾಕೆ ನೋಡ್ಲಿಲ್ಲ ಸರ್?' ಇದಕ್ಕೆ ಸಾಮಾನ್ಯವಾಗಿ ಉತ್ತರ ಇರಲ್ಲ. ಪಾಪ ಆ ಸೆಕ್ಯುರಿಟಿ ಏಜೆನ್ಸಿ ಸಂಬಳದೋನು, ಹನ್ನೆರಡು ಗಂಟೆ ನಿಂತಿರ್ತಾನೆ, ಇಂಥೋರನ್ನ ನೋಡ್ಕೋ ಅಂತ ಅವ್ನಿಗೆ ಹೇಳ್ಕೊಟ್ಟೋನು ಒಳಗೆ ಏಸಿಲಿ ಕೂತಿರ್ತಾನೆ. ವಿಡಿಯೋ ಮಾಡ್ಕೊಳ್ಳಿ, ಬೇಡ ಅನ್ನಲ್ಲ, ಆದ್ರೆ ಅಲ್ಲೇ ನಿಂತು ಗ್ರೂಪಿಗೆ ಹಾಕಿ ವೈರಲ್ ಮಾಡ್ಬೇಡಿ, ಕೆಲಸ ಹೋಗೋದು ಸೆಕ್ಯುರಿಟಿದು, ಮ್ಯಾನೇಜರ್ ಅಲ್ಲೇ ಇರ್ತಾನೆ.

ಹಿಂದಿನ ರೂಮಿಗೆ ಬನ್ನಿ ಅಂದ್ರೆ ಮಾತ್ರ ಹೋಗ್ಬೇಡಿ. ಇದನ್ನ ಮನೇಲಿ ಮಕ್ಕಳಿಗೂ ಹೇಳ್ಕೊಡಿ. ಏನಿದ್ರೂ ಬಿಲ್ಲಿಂಗ್ ಕೌಂಟರ್ ಹತ್ರ, ಕ್ಯಾಮೆರಾ ಕೆಳಗೆ, ನಾಲ್ಕು ಜನರ ಮುಂದೆ. ಅಂಗಡಿ ಸೆಕ್ಯುರಿಟಿಗೆ ನಿಮ್ಮ ಮೈ ಮುಟ್ಟಿ ಹುಡುಕೋ ಅಧಿಕಾರ ಯಾವ ಕಾನೂನೂ ಕೊಟ್ಟಿಲ್ಲ. ಪೊಲೀಸರೇ ಆದ್ರೂ ಹೆಂಗಸರನ್ನ ತಪಾಸಣೆ ಮಾಡ್ಬೇಕಾದ್ರೆ ಹೆಂಗಸರೇ ಮಾಡ್ಬೇಕು, ಇವ್ರು ಯಾವ ಲೆಕ್ಕ. ಕಣ್ಣಾರೆ ಕಳ್ಳತನ ನೋಡಿ ಹಿಡ್ದೆ ಅಂತ ಅಂದ್ರೂ ಕೂಡ ತಡ ಮಾಡ್ದೆ, ಹೆಚ್ಚಂದ್ರೆ 6 ಗಂಟೆ ಒಳಗೆ ಪೊಲೀಸರಿಗೆ ಒಪ್ಪಿಸ್ಬೇಕು ಅಂತ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದಿರೋ ಕಾನೂನು) 40ನೇ ಸೆಕ್ಷನ್ ಹೇಳುತ್ತೆ, ಕೂರಿಸ್ಕೊಂಡು ಹೊಡಿಯೋದು, ತಪ್ಪೊಪ್ಪಿಗೆ ಬರೆಸ್ಕೊಳ್ಳೋದು ಇದ್ಯಾವ್ದೂ ಇಲ್ಲ. ಸುಮ್ಸುಮ್ನೆ ಅಡ್ಡ ಹಾಕೋದು ಬಿಎನ್‌ಎಸ್ (ಹಳೇ ಐಪಿಸಿ ಬದಲಿಗೆ ಬಂದಿದ್ದು) 126ನೇ ಸೆಕ್ಷನ್ ಪ್ರಕಾರ ಅಪರಾಧ, ಕೂಡಿ ಹಾಕೋದು 127, ಕೂಡಿ ಹಾಕಿದ್ರೆ ಒಂದು ವರ್ಷದವರೆಗೂ ಜೈಲು ಇದೆ. ಸಂವಿಧಾನದ 15(2)ನೇ ವಿಧೀಲಿ ಅಂಗಡಿ ಹೋಟೆಲು ಅಂತ ಹೆಸರು ಹಾಕೇ ಬರ್ದಿದ್ದಾರೆ, ಜನಾಂಗ ಜಾತಿ ಧರ್ಮ ಹುಟ್ಟಿದೂರು ನೋಡಿ ಒಳಗೆ ಬಿಡ್ದೆ ಇರೋ ಹಂಗಿಲ್ಲ. ಅದು ಇರೋದು ಭಾರತದ ನಾಗರಿಕರಿಗೆ, ಆದ್ರೆ ಅಡ್ಡ ಹಾಕೋದು ಕೂಡಿ ಹಾಕೋದು ಯಾವ ದೇಶದೋರಿಗೆ ಮಾಡಿದ್ರೂ ಅಪರಾಧನೇ, ಹೊರದೇಶದ ಹುಡುಗ್ರು ನಮ್ಗೆ ಏನೂ ಇಲ್ಲ ಅಂದ್ಕೋಬೇಡಿ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟೀಲಿದ್ದಾರೆ, ಜನರ ಮುಂದೆ ಅವಮಾನ ಮಾಡಿದ್ರೆ ಎಸ್‌ಸಿ ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆನೂ ಬರಬಹುದು, ಜಾತಿ ಸರ್ಟಿಫಿಕೇಟಿನ ಫೋಟೋ ಫೋನಲ್ಲಿ ಇಟ್ಕೊಂಡಿರಿ.

ಇನ್ನು ಈ ಊರಲ್ಲೇ ಹುಟ್ಟಿ ಬೆಳೆದೋರಿಗೆ, ಅಂದ್ರೆ ಪಕ್ಕದಲ್ಲಿ ನಿಂತು ನೋಡೋ ನಮಗೆ. ನನ್ನ ಕೇಳಿದ್ರೆ ಕಂಪ್ಲೇಂಟ್ ಗಿಂಪ್ಲೇಂಟ್‌ಗಿಂತ ಇದೇ ಮುಖ್ಯ. ಮೈಸೂರಿನೋರ ಒಂದು ಗುಣ ಏನಪ್ಪಾ ಅಂದ್ರೆ ಜಗಳ ಆಗಲ್ಲ, ಎಲ್ಲರೂ ಫೋನ್ ನೋಡ್ಕೊಂಡು ನಿಂತ್ಬಿಡ್ತಾರೆ, ಅದನ್ನ ಸಂಭಾವಿತತನ ಅಂತ ಬೇರೆ ಕರೀತೀವಿ. ದಸರಾ ಟೈಮಲ್ಲಿ ದೇವರಾಜ ಅರಸು ರಸ್ತೆ ಕಡೆ ಒಂದು ಬಟ್ಟೆ ಅಂಗಡೀಲಿ ನಾನೇ ನೋಡಿದ್ದು, ಹಳಿಯಾಳದ ಕಡೆ ಹೆಂಗಸು, ಜೊತೆಗೆ ಸ್ಕೂಲಿಗೆ ಹೋಗೋ ಮಗಳು, ಅಮ್ಮ ಬಿಲ್ ಹಿಡ್ಕೊಂಡು ಕನ್ನಡದಲ್ಲಿ ಹೇಳ್ತಾನೇ ಇದಾರೆ, ಸೆಕ್ಯುರಿಟಿಯವ್ನು ಹಿಂದೀಲಿ ಬ್ಯಾಗ್ ಖೋಲೋ ಬ್ಯಾಗ್ ಖೋಲೋ ಅಂತಿದಾನೆ, ಲೈನಲ್ಲಿ ಅಷ್ಟು ಜನ ಇದ್ರೂ ಒಬ್ರೂ ಉಸಿರು ಬಿಡ್ಲಿಲ್ಲ. ಆಗ ಹಿಂದೆ ಇದ್ದ ವಯಸ್ಸಾದ ಅಮ್ಮ ಒಬ್ರು ಮುಂದೆ ಬಂದು ತಮ್ಮ ವ್ಯಾನಿಟಿ ಬ್ಯಾಗಿನ ಜಿಪ್ ಎಳ್ದು ಅದೇ ಟೇಬಲ್ ಮೇಲೆ ಬೋರಲು ಹಾಕಿದ್ರು, ಎಲೆ ಅಡಿಕೆ ಚೀಲ, ಬಸ್ ಪಾಸು, ಕನ್ನಡಕದ ಡಬ್ಬಿ, ಚಿಲ್ಲರೆ ಎಲ್ಲಾ ಉರುಳ್ತು. 'ನಂದೂ ನೋಡಪ್ಪ, ಆಮೇಲೆ ಇವ್ರದ್ದೂ ನೋಡು, ಹಿಂದೆ ಇರೋರ್ದೆಲ್ಲಾ ನೋಡು, ನಮ್ಗೇನೂ ಅರ್ಜೆಂಟಿಲ್ಲ' ಅಂದ್ರು. ಮ್ಯಾನೇಜರ್ ಓಡಿ ಬಂದ. ಆ ಹುಡುಗಿ ಕೂತ್ಕೊಂಡು ಚಿಲ್ಲರೆ ಆರಿಸ್ಕೊಟ್ಲು.

ಅಷ್ಟು ಧೈರ್ಯ ಎಲ್ರಿಗೂ ಬರಲ್ಲ, ಬೇಕಾಗೂ ಇಲ್ಲ. ಸುಮ್ನೆ ಹೋಗಿ ಅವ್ರ ಪಕ್ಕ ನಿಂತು 'ಏನಾಯ್ತಮ್ಮ, ನಾನು ಇಲ್ಲೇ ಇರ್ತೀನಿ' ಅನ್ನಿ. ನಿಮಗೆ ಏನು ಬೇಕು ಅಂತ ಅವ್ರನ್ನ ಕೇಳ್ದೆ ಅವ್ರ ಪರವಾಗಿ ನೀವೇ ಕಿರುಚಾಡ್ಬೇಡಿ, ಎಷ್ಟೋ ಸಲ ಅವ್ರಿಗೆ ಅಲ್ಲಿಂದ ಮನೆಗೆ ಹೋದ್ರೆ ಸಾಕಾಗಿರುತ್ತೆ. ಫೋನ್ ನಂಬರ್ ಕೊಡಿ, ಸಾಕ್ಷಿ ಹೇಳ್ತೀನಿ ಅನ್ನಿ. ಜನ ಸೇರಿ ದನಿ ಏರಿದ್ರೆ 112ಕ್ಕೆ ಫೋನ್ ಮಾಡೋದು ನೀವೇ ಆಗ್ಲಿ. ಇದೆಲ್ಲಾ ಅತಿ ಆಯ್ತು, ಒಂದು ಬ್ಯಾಗ್ ಚೆಕ್ ತಾನೆ ಅನ್ನೋರಿಗೆ: 2014ರಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾಂ ಅನ್ನೋ ಹುಡುಗನ ಕೂದಲು ನೋಡಿ ಅಂಗಡಿ ಹತ್ರ ಆಡ್ಕೊಂಡಿದ್ರಿಂದ ಶುರುವಾಗಿದ್ದು, ಹೊಡೆದಾಟ ಆಗಿ ಹುಡುಗನ ಜೀವನೇ ಹೋಯ್ತು, ಆಮೇಲೆ ಈಶಾನ್ಯದೋರ ಕಷ್ಟ ವಿಚಾರಿಸೋಕೆ ಸರ್ಕಾರ ಬೆಜ್‌ಬರುವಾ ಕಮಿಟಿ ಮಾಡ್ತು. ದೆಹಲಿ ದೂರ ಅಂತೀರಾ, 2012ರ ಆಗಸ್ಟಲ್ಲಿ ಮೈಸೂರಲ್ಲೇ ಒಬ್ಬ ಟಿಬೆಟನ್ ಹುಡುಗನಿಗೆ ಚಾಕು ಹಾಕಿದ್ರಲ್ಲ.

ಮಾರ್ಕೆಟಿನ ಕಥೆ ಬೇರೆ. ಅಲ್ಲಿ ಯಾರೂ ಹಿಂದೆ ಬರಲ್ಲ, ರೇಟ್ ಏರಿಸ್ತಾರೆ. ಫಾರಿನ್‌ನೋರು ಅಂದ್ಕೊಂಡು ಊದಿನಕಡ್ಡಿ, ಸೆಂಟೆಣ್ಣೆಗೆಲ್ಲಾ ಬಾಯಿಗೆ ಬಂದಿದ್ದು ಹೇಳ್ತಾರೆ. ಪ್ಯಾಕೆಟ್ ಮೇಲೆ ಎಂಆರ್‌ಪಿ ನೋಡಿ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳೋ ಹಂಗಿಲ್ಲ. ಲೂಸ್ ಸಾಮಾನಾದ್ರೆ ಎರಡು ಅಂಗಡಿ ಕೇಳಿ, ಕನ್ನಡದಲ್ಲೇ ಕೇಳಿ.

ಆದ ದಿನನೇ ಮಾಡ್ಬೇಕಾದ ಕೆಲಸ: ಬಿಲ್ ಇಟ್ಕೊಳ್ಳಿ, ಟೈಮು, ಯಾವ ಫ್ಲೋರು, ಯಾರು ಏನಂದ್ರು ಬರ್ದಿಡಿ, ಆ ಹೊತ್ತಿನ ಸಿಸಿಟಿವಿ ಅಳಿಸ್ಬೇಡಿ ಅಂತ ಮ್ಯಾನೇಜರ್‌ಗೆ ಲೆಟರ್ ಕೊಟ್ಟು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ, ತಡ ಮಾಡಿದ್ರೆ ಅದರ ಮೇಲೆ ಬೇರೆ ರೆಕಾರ್ಡ್ ಆಗ್ಹೋಗುತ್ತೆ. ಖರೀದಿ ಮಾಡಿದ್ರೆ ಗ್ರಾಹಕರ ಸಹಾಯವಾಣಿ 1915. ಎಸ್‌ಸಿ ಎಸ್‌ಟಿ ದೌರ್ಜನ್ಯಕ್ಕೆ 14566. ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100, ಹೆಂಗಸರಿಗೂ ಎಸ್‌ಸಿ ಎಸ್‌ಟಿಯೋರಿಗೂ ಆದಾಯ ಕೇಳ್ದೆ ಫ್ರೀ ಕೊಡ್ತಾರೆ. ಕನ್ನಡದಲ್ಲಿ ಲೆಟರ್ ಬರೆಯೋಕೆ ಆಗಲ್ಲ ಅಂದ್ರೆ ಸಂಘಕ್ಕೆ ಬನ್ನಿ, ಬರ್ದು ಕೊಡ್ತೀವಿ, ಸ್ಟೇಷನ್‌ಗೆ ಜೊತೇಲೂ ಒಬ್ರು ಬರ್ತಾರೆ. ನಿಮ್ಮ ಬೀದೀಲಿ ಕನ್ನಡ ಓದಕ್ಕೆ ಬರ್ದೆ ಇರೋ ಹೊಸಬರಿದ್ರೆ ಇದನ್ನ ಅವ್ರಿಗೆ ಓದಿ ಹೇಳಿ, ಹಿಂದೀಲಾದ್ರೂ ಸರಿ.