ಮಿರ್ಚಿ ಬಿಟ್ಟಿಲ್ಲ, ಪಾರ್ಸಲ್ ಬಿಟ್ಟೆ

ವಾರಕ್ಕೆ ಎರಡು ಸಲ ಮಿರ್ಚಿ, ಅಂದರೆ ಮೆಣಸಿನಕಾಯಿ ಬಜ್ಜಿ, ತಿಂದುಕೊಂಡೇ ಎಂಟು-ಒಂಬತ್ತು ಕೆಜಿ ಇಳಿಸಿದ್ದೇನೆ ಅಂದರೆ ನಮ್ಮ ವಾಕಿಂಗ್ ಬಳಗದಲ್ಲಿ ಯಾರೂ ನಂಬಲಿಲ್ಲ. "ಸಾವ್ಕಾರ್ರು ತಕ್ಕಡಿ ಬದಲಿಸಿರಬೇಕು" ಎಂದು ನಕ್ಕರು. ನನ್ನ ಮೈದುನ ಇನ್ನೂ ಮುಂದೆ ಹೋಗಿ, "ಭಾವಾ, ಮಿರ್ಚಿ ತಿಂದು ತೆಳ್ಳಗಾದವರನ್ನು ನಾನಂತೂ ನೋಡಿಲ್ಲ" ಅಂದ. ಈಗ ಅದೇ ಬಳಗದ ಮೂವರು ನನ್ನ ದಾರಿಗೆ ಬಂದಿದ್ದಾರೆ, ಮೈದುನನೂ ಗುಟ್ಟಾಗಿ ಶುರು ಮಾಡಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಲೊರಿ, ಕಾರ್ಬ್, ಪ್ರೋಟೀನ್ ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ.

ಕೊಪ್ಪಳದಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಕೆಲಸ. ರೈತರು ಬಂದರೆ ಚಹಾ, ಕಂಪನಿಯವರು ಬಂದರೆ ಚಹಾದ ಜೊತೆ ಒಗ್ಗರಣೆ (ಒಗ್ಗರಿಸಿದ ಮಂಡಾಳು, ಅಂದರೆ ಮಂಡಕ್ಕಿ) ಮಿರ್ಚಿ. ತೂಕ 86ರ ಆಸುಪಾಸು, ಪ್ಯಾಂಟು 38, ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ, ಅಷ್ಟು ಹತ್ತಿರ ಇದ್ದೆ. ಡಾಕ್ಟರು "ಕರಿದದ್ದು ಪೂರ್ತಿ ಬಿಟ್ಟುಬಿಡಿ" ಅಂದರು. ಹೇಳುವುದು ಸುಲಭ. ಗವಿಮಠದ ಜಾತ್ರೆಯ ದಾಸೋಹದಲ್ಲೇ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರು ನಮ್ಮದು. ಇಲ್ಲಿ ಮಿರ್ಚಿ ಬಿಡಬೇಕೆಂದರೆ ಊರೇ ಬಿಡಬೇಕು.

ಮೊದಲು ಏನೇನು ಕೈಕೊಟ್ಟವು ಹೇಳುತ್ತೇನೆ, ರೊಕ್ಕದ ಸಮೇತ. ಜಿಮ್ಮಿಗೆ ವರ್ಷದ ಫೀ ಎಂಟೋ ಒಂಬತ್ತೋ ಸಾವಿರ ಒಮ್ಮೆಲೇ ಕಟ್ಟಿದೆ. ಬೇಸಿಗೆಯಲ್ಲಿ ಹೋದೆ, ಬಿತ್ತನೆ ಶುರುವಾದ ಮೇಲೆ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಫೋನಿನಲ್ಲಿ ಡಯಟ್ ಹೇಳಿಕೊಡುವವರೊಬ್ಬರಿಗೆ ಮೂರು ತಿಂಗಳಿಗೆ ಆರು ಸಾವಿರ. ಪಟ್ಟಿ ಬಂತು: ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಕ್ವಿನೋವಾ, ರಾತ್ರಿ ಬ್ರೊಕೋಲಿ ಸೂಪ್. ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುವಾಗ ನಾನು ಕೂತು ಬ್ರೊಕೋಲಿ ನೀರು ಕುಡಿಯಬೇಕಾ? ನಾಲ್ಕು ಕೆಜಿ ಇಳಿಯಿತು, ಇಲ್ಲ ಅನ್ನುವುದಿಲ್ಲ. ಜನವರಿಯಲ್ಲಿ ಜಾತ್ರೆ ಬಂತು. ಆ ತಿಂಗಳಲ್ಲೇ ನಾಲ್ಕು ಹೋದದ್ದು ಐದಾಗಿ ವಾಪಸ್ ಬಂತು.

ಮೂರನೆಯದು ಚೀಟ್ ಡೇ. ಸೋಮವಾರದಿಂದ ಶನಿವಾರ ಕಟ್ಟುನಿಟ್ಟು, ಭಾನುವಾರ ಬಾಯಿಗೆ ಬೀಗ ಇಲ್ಲ. ಬೆಳಿಗ್ಗೆ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ಖಾನಾವಳಿಯಲ್ಲಿ ಹೋಳಿಗೆ ಊಟ, ಸಂಜೆ ಗೋಬಿ ಮಂಚೂರಿ, ರಾತ್ರಿ ಐಸ್‌ಕ್ರೀಂ. ಸೋಮವಾರ ತೂಕ ನೋಡಿದರೆ ಒಂದೂವರೆ ಕೆಜಿ ಜಾಸ್ತಿ. ಬಹುಪಾಲು ಉಪ್ಪು ಹಿಡಿದಿಟ್ಟ ನೀರು ಅದು, ಗುರುವಾರದ ಹೊತ್ತಿಗೆ ಇಳಿಯುತ್ತಿತ್ತು. ಆದರೆ ಗುರುವಾರ ಬಂದರೆ ಭಾನುವಾರದ್ದೇ ಧ್ಯಾನ. ವಾರವಿಡೀ ಊಟದ ಬಗ್ಗೆ ಯೋಚಿಸುತ್ತಾ ಕೂರುವುದು ಇನ್ನೊಂದು ಬಗೆಯ ರೋಗ ಅಷ್ಟೇ.

ಏರ್ ಫ್ರೈಯರ್ ಕತೆಯನ್ನೂ ಕೇಳಿ. ಸುಮಾರು ಆರು ಸಾವಿರ. ಮೆಣಸಿನಕಾಯಿಗೆ ಕಡಲೆಹಿಟ್ಟು ಅದ್ದಿ ಒಳಗಿಟ್ಟೆ. ಹಿಟ್ಟು ಕೂಡಲೇ ಗಟ್ಟಿಯಾಗಬೇಕಾದರೆ ಕಾದ ಎಣ್ಣೆಯೇ ಬೇಕು, ಬಿಸಿ ಗಾಳಿಗೆ ಅಷ್ಟು ಬೇಗ ಆಗುವುದಿಲ್ಲ. ಹಿಟ್ಟೆಲ್ಲ ಜಾಲರಿಯ ತೂತಿನಿಂದ ಕೆಳಗೆ ಸೋರಿ ತಟ್ಟೆಯ ತಳದಲ್ಲಿ ದೋಸೆಯಂಥ ಒಂದು ಸಣ್ಣ ಚಿಲ್ಲಾ ತಯಾರಾಯಿತು, ಮೇಲೆ ಮೆಣಸಿನಕಾಯಿ ಬತ್ತಲೆ ಕೂತಿತ್ತು. ಹಿಟ್ಟು ಗಟ್ಟಿ ಮಾಡಿ, ರವೆ ಸೇರಿಸಿ, ಬಾಳೆಎಲೆ ಹಾಸಿ, ಎಲ್ಲಾ ನೋಡಿದೆ. ಕೊನೆಗೆ ಬಂದದ್ದು ಬಿಸ್ಕತ್ತಿಗೂ ಬಜ್ಜಿಗೂ ನಡುವಿನ ಏನೋ ಒಂದು. ಈಗ ಆ ಮಷೀನಿನಲ್ಲಿ ಮನೆಯವಳು ಶೇಂಗಾ ಹುರಿಯುತ್ತಾಳೆ, ಅದಕ್ಕೆ ಚೆನ್ನಾಗಿದೆ.

ದಾರಿ ಸಿಕ್ಕಿದ್ದು ಖಾತೆ ಪುಸ್ತಕದಿಂದ. ವ್ಯಾಪಾರಿ ಬುದ್ಧಿ ಅಲ್ವಾ, ಒಂದು ತಿಂಗಳು ಬಾಯಿಗೆ ಹೋದ ಕರಿದದ್ದು, ಸಿಹಿ ಎಲ್ಲ ಬರೆದಿಟ್ಟೆ. ಎಷ್ಟು, ಎಲ್ಲಿ, ಬಿಸಿಯೋ ತಣ್ಣಗೋ. ಊಟದ ಲೆಕ್ಕ ಇಡುವ ಫೋನಿನ ಅಪ್ಲಿಕೇಶನ್‌ಗಳಲ್ಲಿ ಸಾಮಾನ್ಯವಾಗಿ ಎಷ್ಟು ಎಂದು ಮಾತ್ರ ಕೇಳುತ್ತಾರೆ, ಎಲ್ಲಿ ಎಂದು ಕೇಳುವುದಿಲ್ಲ. ನನ್ನ ಪುಸ್ತಕದಲ್ಲಿ ಕಂಡದ್ದೇ ಬೇರೆ. ಬಂಡಿ ಮುಂದೆ ನಿಂತು ತಿಂದಾಗ ಎರಡಕ್ಕೆ ನಿಲ್ಲಿಸಿದ್ದೆ, ಅಪರೂಪಕ್ಕೆ ಮೂರು. ಅಂಗಡಿಗೆ ತರಿಸಿದಾಗ ನಾಲ್ಕು. ಮನೆಗೆ ಕಟ್ಟಿಸಿಕೊಂಡು ಹೋದಾಗ ಐದು, ಮೇಲೆ ಮಕ್ಕಳು ಬಿಟ್ಟದ್ದು. ಮನೆಗೆ ಬರುವಷ್ಟರಲ್ಲಿ ಪೊಟ್ಟಣದ ಹಬೆಗೆ ಮಿರ್ಚಿ ಮೆತ್ತಗಾಗಿ, ಪೇಪರ್ ಎಣ್ಣೆ ಕುಡಿದು, ರುಚಿ ಅರ್ಧ ಹೋಗಿರುತ್ತದೆ. ರುಚಿ ಕಡಿಮೆ ಇದ್ದಾಗಲೇ ಜಾಸ್ತಿ ತಿನ್ನುತ್ತಿದ್ದೆ. ತಿಂಗಳಿಗೆ ಪಾರ್ಸಲ್ ಖರ್ಚೇ ಸಾವಿರದ ಐನೂರು ದಾಟಿತ್ತು.

ಅವತ್ತಿನಿಂದ ಒಂದೇ ಕಾನೂನು: ಕರಿದದ್ದು ಬೇಕಾದರೆ ಕರಿಯುವ ಜಾಗಕ್ಕೆ ನಾನೇ ಹೋಗಬೇಕು. ನಡೆದುಕೊಂಡು. ಕಟ್ಟಿಸಿಕೊಳ್ಳುವಂತಿಲ್ಲ, ಹುಡುಗನನ್ನು ಕಳಿಸುವಂತಿಲ್ಲ. ಅಂಗಡಿ ಕೆಳಗೇ ಒಂದು ಬಂಡಿ ಇದೆ, ಅದು ಲೆಕ್ಕಕ್ಕಿಲ್ಲ. ನಾನು ಹೋಗುವ ಬಂಡಿ ಹೆಚ್ಚು ಕಡಿಮೆ ಒಂದೂವರೆ ಕಿಲೋಮೀಟರ್ ದೂರ. ಬುಧವಾರ, ಭಾನುವಾರ ಸಂಜೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಆಗ ಹೊತ್ತು ಮುಳುಗಿದ ಮೇಲೆ. ಹೋಗಲು ಬೇಜಾರಾದ ದಿನ ಮಿರ್ಚಿ ಇಲ್ಲ, ಆ ಬಾಕಿ ಮುಂದಿನ ವಾರಕ್ಕೆ ಹೋಗುವುದಿಲ್ಲ.

ಇಷ್ಟಾದರೂ ಮೊದಲ ತಿಂಗಳು ಕೈ ಜಾರುತ್ತಿತ್ತು. ಕಾರಣ ಫೋನ್‌ಪೇ. ಜೇಬಿನಲ್ಲಿ ರೊಕ್ಕ ಇಲ್ಲದಿದ್ದರೂ ಸ್ಕ್ಯಾನ್ ಮಾಡಿ ಇನ್ನೆರಡು ಹಾಕಿಸಬಹುದು. ಅದಕ್ಕೆ ಫೋನು ಗಲ್ಲಾಪೆಟ್ಟಿಗೆಯಲ್ಲಿ, ಜೇಬಿನಲ್ಲಿ ಐವತ್ತರ ಒಂದೇ ನೋಟು. ಎರಡು ಮಿರ್ಚಿ, ಅರ್ಧ ಪ್ಲೇಟ್ ಒಗ್ಗರಣೆ, ಒಂದು ಚಹಾ, ಸಕ್ಕರೆ ಕಡಿಮೆ. ಮುಗೀತು. ಬಂಡಿಯವನಿಗೆ ಉದ್ರಿ ಕೊಡಬೇಡ ಎಂದು ಮೊದಲೇ ಹೇಳಿಟ್ಟಿದ್ದೇನೆ. "ಸಾವ್ಕಾರ್ರೆ, ನೀವೇ ಊರಿಗೆಲ್ಲ ಉದ್ರಿ ಕೊಡ್ತೀರಿ, ನಿಮಗೆ ನಾನು ಕೊಡಬಾರದಾ?" ಎಂದು ನಗುತ್ತಾನೆ.

ಎಣ್ಣೆ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಎಫ್‌ಎಸ್‌ಎಸ್‌ಎಐ ಒಂದು ಮಿತಿ ಇಟ್ಟಿದೆ, ಎಣ್ಣೆ ಕೆಟ್ಟಂತೆ ಹೆಚ್ಚುವ ಪೋಲಾರ್ ಕಾಂಪೌಂಡ್ 25 ಶೇಕಡಾ ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಬಂಡಿ ಮುಂದೆ ಅಳೆಯುವ ಮಷೀನು ಯಾರ ಹತ್ತಿರ ಇರುತ್ತದೆ? ನಾನು ಕಡಾಯಿ ನೋಡುತ್ತೇನೆ. ಹೊಸ ಎಣ್ಣೆಯಲ್ಲಿ ಮಿರ್ಚಿ ಬಿಟ್ಟರೆ ಸುತ್ತ ದೊಡ್ಡ ಗುಳ್ಳೆ ಎದ್ದು ಪಟಪಟ ಒಡೆಯುತ್ತವೆ, ತಳದ ಜಾಲರಿ ಸೌಟು ಕಾಣುತ್ತದೆ. ಹಳೆಯದಾದರೆ ಸಣ್ಣ ನೊರೆ ಕಟ್ಟಿ ಅಂಚಿಗೆ ಏರುತ್ತದೆ, ಗಂಟಲಿಗೆ ಹೊಗೆ ಹತ್ತುತ್ತದೆ, ಕರಿದದ್ದು ಬೇಗ ಕಂದಾಗುತ್ತದೆ. ಹಾಗಿದ್ದ ದಿನ ಚಹಾ ಕುಡಿದು ವಾಪಸ್. ನನ್ನ ಬಂಡಿಯವನು ಹೊಸ ಎಣ್ಣೆ ಹಾಕುವ ಹೊತ್ತು ನನಗೆ ಗೊತ್ತು, ಅದನ್ನು ಮಾತ್ರ ಕೇಳಬೇಡಿ. ಆ ಹೊತ್ತಿಗೆ ಅಲ್ಲಿ ಈಗಲೇ ಗದ್ದಲ ಜಾಸ್ತಿ.

ಇನ್ನು ಸಕ್ಕರೆ ಪ್ರಯೋಗ. ಇದು ಬೇಕಾಗಿರಲಿಲ್ಲ, ಕುತೂಹಲಕ್ಕೆ ಮಾಡಿದ್ದು. ಗ್ಲೂಕೋಮೀಟರ್ ತಂದೆ, ಸ್ಟ್ರಿಪ್ ಒಂದಕ್ಕೆ ಇಪ್ಪತ್ತರ ಮೇಲೆ ಬೀಳುತ್ತದೆ, ಒಂದೂವರೆ ಡಬ್ಬಿ ಖಾಲಿ ಮಾಡಿದೆ. ನೆನಪಿನಿಂದ ಹೇಳುವುದು, ಮಷೀನು ಹತ್ತು-ಹದಿನೈದು ಅಂಕಿ ಆಚೆ ಈಚೆ ತೋರಿಸುತ್ತದೆ, ತಿಳಿದುಕೊಳ್ಳಿ. ಬರೀ ಒಗ್ಗರಣೆ ಪೂರ್ತಿ ಪ್ಲೇಟ್ ತಿಂದು ಒಂದು ತಾಸಿಗೆ ನೋಡಿದರೆ 190ರ ಹತ್ತಿರ. ಬರೀ ಎರಡು ಮಿರ್ಚಿ ತಿಂದರೆ 130 ಚಿಲ್ಲರೆ. ನೋಡಿ, ಎಲ್ಲರೂ ಬೈಯುವುದು ಮಿರ್ಚಿಯನ್ನು, ಏರಿಸಿದ್ದು ಹಗುರ ಅಂತ ತಿನ್ನುವ ಮಂಡಾಳು! ಮಂಡಾಳು ಅಂದರೆ ಉಬ್ಬಿಸಿದ ಅಕ್ಕಿ, ರಕ್ತಕ್ಕೆ ಬೇಗ ಸಕ್ಕರೆಯಾಗಿ ಇಳಿಯುತ್ತದೆ. ಬಳಗದಲ್ಲಿ ಎದೆ ಉಬ್ಬಿಸಿ ಹೇಳಿಕೊಂಡೆ. ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ, "ಎಣ್ಣೆ ಪದಾರ್ಥ ನಿಧಾನಕ್ಕೆ ಕರಗುತ್ತೆ, ಎರಡೂವರೆ ತಾಸಿಗೆ ನೋಡು" ಅಂದ. ನೋಡಿದರೆ ಮಿರ್ಚಿಯದು ಆಗಲೂ ಅಲ್ಲೇ ನಿಂತಿತ್ತು, ಇಳಿದಿರಲಿಲ್ಲ. ಆದರೂ ಮಂಡಾಳಿನಷ್ಟು ಎತ್ತರಕ್ಕೆ ಹೋಗಲಿಲ್ಲ, ಮಾತು ಉಳಿಯಿತು.

ಅಲ್ಲಿಂದ ಒಗ್ಗರಣೆ ಅರ್ಧಕ್ಕೆ ಇಳಿಸಿದೆ. ಹೊರಡುವ ಮೊದಲು ಒಂದು ಬಟ್ಟಲು ಹೆಸರುಕಾಳು ಉಸುಳಿ, ಒಂದು ಸೌತೆಕಾಯಿ ತಿಂದು ಹೋಗುತ್ತೇನೆ. ಇದು ಎರಡು ಕೆಲಸ ಮಾಡುತ್ತದೆ: ಹಸಿದ ಹೊಟ್ಟೆಯಲ್ಲಿ ಬಂಡಿ ಮುಂದೆ ನಿಂತು ಎರಡಕ್ಕೆ ಸಾಕು ಅನ್ನುವುದು ಯಾರಿಂದಲೂ ಆಗದು, ಮತ್ತೆ ಕಾಳು ಮೊದಲು ಹೋದರೆ ಸಕ್ಕರೆ ಏರುವುದೂ ಕಡಿಮೆ. ಕಾಳು, ಆಮೇಲೆ ಮಿರ್ಚಿ-ಅರ್ಧ ಒಗ್ಗರಣೆ, ಆಮೇಲೆ ನಡೆದು ವಾಪಸ್, ಈ ಲೆಕ್ಕದಲ್ಲಿ 140 ದಾಟಿದ್ದು ಕಡಿಮೆ. ಮಾತ್ರೆ, ಇನ್ಸುಲಿನ್ ಮೇಲಿರುವವರು ನನ್ನ ಅಂಕಿ ಹಿಡಿದುಕೊಂಡು ಕೂರಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಉಳಿದ ದಿನಗಳ ಊಟದಲ್ಲಿ ವಿಶೇಷ ಏನಿಲ್ಲ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲಾ ಮಡಿಕೆಕಾಳು, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಅನ್ನ ಒಂದು ಸೌಟು. ಶೇಂಗಾ ಚಟ್ನಿ ಒಂದು ಚಮಚಕ್ಕೆ ನಿಲ್ಲಿಸಬೇಕು, ಶೇಂಗಾ ಒಳ್ಳೆಯದು ನಿಜ, ಆದರೆ ನೂರು ಗ್ರಾಂಗೆ 550 ಕ್ಯಾಲೊರಿ ಮೇಲಿದೆ. ಗುರೆಳ್ಳು ಚಟ್ನಿಗೆ ನಾನು ಒಂದು ಐಟಂ ಸೇರಿಸುತ್ತೇನೆ, ಅದನ್ನು ಹಾಕಿದರೆ ಉಪ್ಪು ಅರ್ಧ ಸಾಕು. ಅದೂ ಹೇಳುವುದಿಲ್ಲ. ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ನಡಿಗೆ, ಇದು ತಪ್ಪುವುದಿಲ್ಲ.

ಮನೆಯಲ್ಲೇ ಮಾಡುವ ತಿಂಡಿಗೆ ಪಾರ್ಸಲ್ ಕಾನೂನು ನಡೆಯುವುದಿಲ್ಲ, ಅದು ತಲೆನೋವಾಗಿತ್ತು. ಯುಗಾದಿಗೆ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದರೆ ನಾಲ್ಕು ದಿನ ಡಬ್ಬಿ ಖಾಲಿಯಾಗುವುದಿಲ್ಲ. ಈಗ ಹೀಗೆ ಮಾಡುತ್ತೇನೆ: ಹಂಚಿನಿಂದ ಇಳಿದ ಬಿಸಿ ಹೋಳಿಗೆ ಎರಡು, ತುಪ್ಪ ಹಾಕಿಕೊಂಡೇ. ಅವತ್ತು ರೊಟ್ಟಿ ಇಲ್ಲ, ಅನ್ನ ಇಲ್ಲ. ಮರುದಿನ ಬೆಳಿಗ್ಗೆ ಡಬ್ಬಿ ಸೀದಾ ಅಂಗಡಿಯ ಹಮಾಲರಿಗೆ. ಅವರು ದಿನವಿಡೀ 50 ಕೆಜಿ ಚೀಲ ಹೊರುವವರು, ಅವರಿಗೆ ಜೀರ್ಣವಾಗುತ್ತದೆ. ಅತ್ತೆ ಮೊದಮೊದಲು ಮುಖ ಸಿಂಡರಿಸಿದರು, ಈಗ ಹಮಾಲರ ಪಾಲಿನದು ಬೇರೆಯಾಗಿಯೇ ಮಾಡುತ್ತಾರೆ.

ಜಾತ್ರೆಗೂ ಕಾನೂನು ಸರಿಹೊಂದಿತು. ದಾಸೋಹದಲ್ಲಿ ಪಂಕ್ತಿಯಲ್ಲಿ ಕೂತು ರೊಟ್ಟಿ, ಪಲ್ಯ, ಮಾದಲಿ, ಮಿರ್ಚಿ, ಬಡಿಸಿದ್ದನ್ನು ಖುಷಿಯಿಂದ ಉಣ್ಣುತ್ತೇನೆ, ಎರಡನೇ ಸಲ ಕೂರುವುದಿಲ್ಲ. ಜಾತ್ರೆ ಅಂಗಡಿಯ ಬೆಂಡು-ಬತ್ತಾಸು ಮನೆಗೆ ತರುವುದನ್ನು ಬಿಟ್ಟೆ.

ಮಾವಿನಹಣ್ಣು ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ನಮ್ಮ ಜಿಲ್ಲೆಯ ಕೇಸರ್ ಮಾವಿನ ರುಚಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ತೋಟಗಾರಿಕೆ ಇಲಾಖೆಯವರು ಮಾವು ಮೇಳ ಮಾಡಿದಾಗ ಒಂದು ಹಣ್ಣು ಅಂತ ಹೋಗಿ ಬಾಕ್ಸ್ ಹಿಡಿದು ಬರುತ್ತೇನೆ. ಊಟದ ಮೇಲೆ ತಿಂದರೆ ಸಕ್ಕರೆ ಏರುತ್ತದೆ, ಸಂಜೆ ನಾಲ್ಕಕ್ಕೆ ಚಹಾ ಬದಲು ಅರ್ಧ ಹಣ್ಣು ತಿಂದರೆ ಪರವಾಗಿಲ್ಲ, ಇಷ್ಟು ಗೊತ್ತಾಗಿದೆ. ಅರ್ಧಕ್ಕೆ ನಿಲ್ಲುವುದು ಹೇಗೆ ಅನ್ನುವುದು ಯಾರಿಗಾದರೂ ಗೊತ್ತಿದ್ದರೆ ನನಗೆ ಹೇಳಿ.

ಗೋಬಿ ಮಂಚೂರಿಯನ್ನು ಈ ಪಟ್ಟಿಗೆ ಸೇರಿಸಿಲ್ಲ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ಕೆಲವು ಕಡೆ ಕೆಂಪು ಕಡಿಮೆಯಾಗಿದೆ. ಆದರೆ ಅದನ್ನು ಎರಡು ಸಲ ಕರಿದು, ಮೈದಾ, ಸಾಸು, ಉಪ್ಪು ಎಲ್ಲ ಸುರಿದು ಕೊಡುತ್ತಾರೆ. ನನ್ನ ಐವತ್ತು ರೂಪಾಯಿಯನ್ನು ಅದಕ್ಕೆ ಹಾಕಲು ಮನಸ್ಸಿಲ್ಲ.

ಒಂದೂವರೆ ವರ್ಷದ ಮೇಲಾಯಿತು. ತೂಕ 77-78ರಲ್ಲಿ ನಿಂತಿದೆ, ಪ್ಯಾಂಟು 35, ಕಳೆದ ಸಲದ ಎಚ್‌ಬಿಎ1ಸಿ 5.8. ಇನ್ನೂ ಪೂರ್ತಿ ಸಹಜಕ್ಕೆ ಬಂದಿಲ್ಲ, ಅದಕ್ಕೆ 5.7ಕ್ಕಿಂತ ಕೆಳಗಿಳಿಸಬೇಕು. ಮಿರ್ಚಿ ಖರ್ಚು ತಿಂಗಳಿಗೆ ನಾನೂರು. ಹಳೆಯ ಪ್ಯಾಂಟುಗಳನ್ನೆಲ್ಲ ಟೇಲರ್‌ಗೆ ಕೊಟ್ಟು ಸಣ್ಣದು ಮಾಡಿಸಿದ್ದಕ್ಕೆ ಸಾವಿರದ ಚಿಲ್ಲರೆ ಹೋಯಿತು, ಆ ಖರ್ಚು ಮಾತ್ರ ಖುಷಿಯಿಂದ ಬರೆದುಕೊಂಡೆ. ಮುಂದಿನ ತಿಂಗಳಿನಿಂದ ಮಂಡಾಳಿನ ಜಾಗಕ್ಕೆ ಜೋಳದ ಅರಳಿನ ಒಗ್ಗರಣೆ ಮಾಡಿ ನೋಡುವ ಯೋಚನೆ ಇದೆ. ಬಂಡಿಯವನು ಅರಳು ತಂದುಕೊಟ್ಟರೆ ಒಗ್ಗರಣೆ ಹಾಕಿಕೊಡುತ್ತೇನೆ ಅಂದಿದ್ದಾನೆ, ಸ್ಟ್ರಿಪ್ ಇನ್ನೂ ಅರ್ಧ ಡಬ್ಬಿ ಉಳಿದಿದೆ.