ಪಿಜಿ ಡಾಕ್ಟರ್‌ಗಳಿಗೆ ದೊಡ್ಡ ಡೇಟಾದಲ್ಲಿ ರಿಸರ್ಚ್ ಕಲಿಸೋದು ಹೇಗೆ?

ಮಂಗಳೂರು, ದೇರಳಕಟ್ಟೆ, ಮಣಿಪಾಲ ಅಂತ ನಮ್ಮ ಕರಾವಳಿಯಲ್ಲಿ ಒಂದರ ಪಕ್ಕ ಒಂದು ಮೆಡಿಕಲ್ ಕಾಲೇಜ್ ಉಂಟು, ಎಲ್ಲಾ ಕಡೆ ಪಿಜಿಗಳು, ಅಂದ್ರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದೋ ಡಾಕ್ಟರ್‌ಗಳು, ಥೀಸಿಸ್ ಬರೀತಾರೆ, ಹೆಚ್ಚಿನದು ಒಪಿಡಿಗೆ ಬಂದ ನೂರಿನ್ನೂರು ಪೇಷಂಟ್‌ಗಳ ಮೇಲೆ. ಅದೂ ಬೇಕು. ಆದ್ರೆ ಎನ್‌ಎಫ್‌ಎಚ್‌ಎಸ್-5 ಅನ್ನೋ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) 6.36 ಲಕ್ಷ ಮನೆಗಳ, 7.24 ಲಕ್ಷ ಹೆಂಗಸರ ಮಾಹಿತಿ ಉಂಟು, 45 ವರ್ಷ ದಾಟಿದವರ ಬಗ್ಗೆ ಲಾಸಿ ಅನ್ನೋ ಸಮೀಕ್ಷೆ ಉಂಟು, ಅಮೆರಿಕದ ಆರೋಗ್ಯ-ಪೌಷ್ಟಿಕತೆ ಸಮೀಕ್ಷೆ ಎನ್‌ಹೇನ್ಸ್ ಅಂತೂ ಯಾರು ಬೇಕಾದ್ರೂ ಫ್ರೀಯಾಗಿ ಡೌನ್‌ಲೋಡ್ ಮಾಡ್ಬಹುದು. ಇಷ್ಟೆಲ್ಲಾ ಇದ್ದೂ ಇದನ್ನ ಬಳಸ್ಲಿಕ್ಕೆ ನಮ್ಮ ಮಕ್ಕಳಿಗೆ ಯಾರೂ ಕೂತು ಹೇಳಿಕೊಡಲ್ಲ ಅನ್ನೋದೇ ನಂಗೆ ಬೇಸರ.

ಮೊದಲು ಲ್ಯಾಪ್‌ಟಾಪ್ ಮುಚ್ಚಿಸಿ, ಪ್ರಶ್ನೆ ಬರೆಸಿ. ಅದು ವಾರ್ಡ್‌ನಿಂದ ಬರ್ಲಿ. ಹೆರಿಗೆ-ಸ್ತ್ರೀರೋಗ ವಿಭಾಗದ (ಒಬಿಜಿ) ಪಿಜಿ ಒಬ್ಬಳು ದಿನಾ ರಕ್ತಹೀನತೆ ಇರೋ ಗರ್ಭಿಣಿಯರನ್ನ ನೋಡ್ತಾಳೆ, ಮೀನು ತಿನ್ನೋರಲ್ಲಿ ಇದು ಕಡಿಮೆಯಾ ಅಂತ ಕೇಳ್ತಾಳೆ ಅಂದ್ಕೊಳ್ಳಿ. ಒಳ್ಳೆ ಪ್ರಶ್ನೆ. ಈಗ ಎನ್‌ಎಫ್‌ಎಚ್‌ಎಸ್ ಸಮೀಕ್ಷೆಯ ಪ್ರಶ್ನಾವಳಿಯನ್ನೇ ಪ್ರಿಂಟ್ ತೆಗೆದು ಕೈಗೆ ಕೊಡಿ. ಮೀನು ದಿನಾ ತಿಂತೀರಾ, ವಾರಕ್ಕೊಮ್ಮೆಯಾ, ಅಪರೂಪಕ್ಕಾ, ಇಲ್ವೇ ಇಲ್ವಾ ಅಂತ ಮಾತ್ರ ಅದ್ರಲ್ಲಿ ಕೇಳಿದ್ದಾರೆ, ಬೂತಾಯಿಯಾ ಬಂಗುಡೆಯಾ, ಎಷ್ಟು ತಿಂದ್ರಿ ಅಂತ ಇಲ್ಲ. ಹಾಗಾಗಿ ಪ್ರಶ್ನೆ ಸಣ್ಣದು ಮಾಡ್ಬೇಕಾಗ್ತದೆ. ಜೊತೆಗೆ ಊಟ ಮತ್ತು ಹಿಮೋಗ್ಲೋಬಿನ್ ಎರಡನ್ನೂ ಒಂದೇ ಭೇಟಿಯಲ್ಲಿ ಅಳೆದದ್ದು, ಇದರಿಂದಾಗಿ ಅದು ಆಯ್ತು ಅಂತ ಬರೀಲಿಕ್ಕೆ ಬರಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಿ.

ಆಮೇಲೆ ಕೋಡ್‌ಬುಕ್, ಅಂದ್ರೆ ಫೈಲ್‌ನ ಯಾವ ಕಾಲಮ್‌ನಲ್ಲಿ ಯಾವ ಸಂಖ್ಯೆಗೆ ಏನರ್ಥ ಅಂತ ಹೇಳೋ ಪಟ್ಟಿ. ಹೆಚ್ಚು ಟೈಮ್ ಇಲ್ಲೇ ಕೊಡಿ ಆಯ್ತಾ. ಹಿಮೋಗ್ಲೋಬಿನ್ 12.1 ಇದ್ರೆ ಫೈಲ್‌ನಲ್ಲಿ 121 ಅಂತ ಇರ್ತದೆ. ಅದೇ ಕಾಲಮ್‌ನಲ್ಲಿ 994 ಕಂಡ್ರೆ ಆ ಹೆಂಗಸು ಮನೆಯಲ್ಲಿ ಇರ್ಲಿಲ್ಲ ಅಂತ ಅರ್ಥ, 995 ಅಂದ್ರೆ ರಕ್ತ ಕೊಡ್ಲಿಕ್ಕೆ ಒಪ್ಪಲಿಲ್ಲ. ನೋಡದೆ ಸರಾಸರಿ ತೆಗೆದ್ರೆ 99.4 ಗ್ರಾಂ ಹಿಮೋಗ್ಲೋಬಿನ್ ಇರೋರು ಲೆಕ್ಕಕ್ಕೆ ಸೇರ್ತಾರೆ, ಸಾಫ್ಟ್‌ವೇರ್ ಚಕಾರ ಎತ್ತಲ್ಲ. ಅದಕ್ಕೇ ಪ್ರತಿ ಕಾಲಮ್‌ನ ಅತಿ ಕಡಿಮೆ, ಅತಿ ಹೆಚ್ಚು ಸಂಖ್ಯೆ ನೋಡಿಸಿ, ಗ್ರಾಫ್ ಹಾಕ್ಸಿ, ಇದು ಮನುಷ್ಯರಿಗೆ ಸಾಧ್ಯವಾ ಅಂತ ಕೇಳಿ. ಇದನ್ನ ಹಿಡಿಯೋ ಕಣ್ಣು ಇಂಜಿನಿಯರ್‌ಗಿಂತ ಡಾಕ್ಟರ್‌ಗೇ ಚೆನ್ನಾಗಿ ಇರ್ತದೆ.

ತಮ್ಮ ಪ್ರಶ್ನೆಗೆ ಕೈ ಹಾಕುವ ಮೊದಲು, ಆಗಲೇ ಪ್ರಕಟ ಆಗಿರೋ ಒಂದು ಸಂಖ್ಯೆಯನ್ನ ತಾವೇ ತೆಗೀಲಿ. ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 47.8% ಅಂತ ವರದಿಯಲ್ಲಿ ಉಂಟು. ಸಾಧಾರಣ ಮೊದಲ ಸಲ ಇದು ಬರೋದಿಲ್ಲ, ಯಾಕಂದ್ರೆ ಎತ್ತರದ ಜಾಗಕ್ಕೆ ಸರಿಹೊಂದಿಸಿದ ಹಿಮೋಗ್ಲೋಬಿನ್ ಬೇರೆ ಕಾಲಮ್‌ನಲ್ಲಿ ಉಂಟು, ರಕ್ತಹೀನತೆ ಅನ್ನಲಿಕ್ಕೆ ಗರ್ಭಿಣಿಯರಿಗೆ ಗಡಿ 11 ಗ್ರಾಂ, ಉಳಿದವರಿಗೆ 12, ಮತ್ತೆ ಸ್ಯಾಂಪಲ್ ವೆಯ್ಟ್ ಹಾಕ್ಬೇಕು, ಅದನ್ನ 10 ಲಕ್ಷದಿಂದ ಭಾಗಿಸಿ ಬಳಸೋದು. ಪ್ರತಿ ಜಿಲ್ಲೆಯಿಂದ ಜನಸಂಖ್ಯೆಗೆ ತಕ್ಕಷ್ಟೇ ಜನರನ್ನ ಆರಿಸಿರಲ್ಲ, ಆ ಏರುಪೇರನ್ನ ಸರಿಮಾಡೋದು ಈ ವೆಯ್ಟ್. 47.8 ಸಿಗೋವರೆಗೆ ಬಿಡ್ಬೇಡಿ, ಸಿಕ್ಕಿದಾಗ ಆ ಮಕ್ಕಳ ಮುಖ ನೋಡ್ಬೇಕು ನೀವು!

ಮತ್ತೆ ಪಿ ವ್ಯಾಲ್ಯೂ, ಅಂದ್ರೆ ನಿಜವಾಗಿ ವ್ಯತ್ಯಾಸ ಇಲ್ಲದಿದ್ರೂ ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣೋ ಸಾಧ್ಯತೆ. ಲಕ್ಷಗಟ್ಟಲೆ ಜನ ಇದ್ದಾಗ 0.1 ಗ್ರಾಂ ವ್ಯತ್ಯಾಸಕ್ಕೂ ಪಿ ಸೊನ್ನೆ ಹತ್ರ ಬರ್ತದೆ, ಅಷ್ಟು ವ್ಯತ್ಯಾಸಕ್ಕೆ ನೀವು ಐರನ್ ಮಾತ್ರೆ ಬರೀತೀರಾ ಅಂತ ಕೇಳಿ ಸಾಕು. ಉಡುಪಿ ಜಿಲ್ಲೆ ಒಂದನ್ನೇ ತಗೊಂಡ್ರೆ ಉಲ್ಟಾ, ಸ್ಯಾಂಪಲ್ ಚಿಕ್ಕದಾಗ್ತದೆ, ಅದನ್ನ ಮತ್ತೆ ಹಳ್ಳಿ, ಪೇಟೆ, ವಯಸ್ಸು ಅಂತ ಒಡೆದ್ರೆ ಒಂದೊಂದು ಗುಂಪಿನಲ್ಲಿ ಜನವೇ ಉಳಿಯಲ್ಲ.

ಎಥಿಕ್ಸ್ ಕಮಿಟಿಗೆ ಕಾಗದ ಕೊಡ್ಲೇಬೇಕು. ಹೆಸರಿಲ್ಲದ ಡೇಟಾಗೆ ವಿನಾಯಿತಿ ಸಿಗ್ಬಹುದು, ಆದ್ರೆ ಅದನ್ನ ಹೇಳೋದು ಕಮಿಟಿ, ನಾವಲ್ಲ. ಬರೆಯುವಾಗ, ಇಂಥ ಅಧ್ಯಯನದ ವರದಿಯಲ್ಲಿ ಏನೇನು ಇರ್ಬೇಕು ಅಂತ ಹೇಳೋ ಸ್ಟ್ರೋಬ್ ಚೆಕ್‌ಲಿಸ್ಟ್‌ನ 22 ಅಂಶ ಎದುರಿಗೆ ಇರ್ಲಿ.

ವಿಭಾಗದ ಮುಖ್ಯಸ್ಥರಿಗೆ (ಎಚ್‌ಒಡಿ) ಒಂದು ಮಾತು ಸಾರ್, ಮೇಡಂ: ವಾರಕ್ಕೊಂದು ಮಧ್ಯಾಹ್ನ ಡ್ಯೂಟಿ ಹಾಕದೆ ಬಿಡಿ, ನೈಟ್ ಮುಗಿಸಿ ಬಂದವ್ರಿಗೆ ಕೋಡ್‌ಬುಕ್ ತಲೆಗೆ ಹೋಗಲ್ಲ. ಎಕ್ಸೆಲ್‌ನಲ್ಲಿ ಕೈಯಾರೆ ತಿದ್ದೋದು ಬಿಡಿಸಿ, ಆರ್ ಅಥವಾ ಸ್ಟಾಟಾ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಹೆಜ್ಜೆ ಬರೆದಿಡಿಸಿ, ಮುಂದಿನ ಬ್ಯಾಚ್‌ನವ್ರು ಅದನ್ನೇ ಓಡಿಸಿ ನೋಡ್ಬಹುದು. ಡೇಟಾ ಫೈಲ್ ಮಾತ್ರ ವಾಟ್ಸಾಪ್ ಗ್ರೂಪ್‌ಗೆ ಹಾಕ್ಲಿಕ್ಕಿಲ್ಲ, ನೋಂದಣಿ ಕೇಳೋ ಡೇಟಾ ಆದ್ರೆ ಪ್ರತಿಯೊಬ್ರೂ ತಮ್ಮ ಹೆಸರಲ್ಲೇ ಅರ್ಜಿ ಹಾಕಿ ತಗೊಳ್ಳಲಿ.